ಏಳನೆಯ ಕಂಬದ ನೆರಳು

ನಮ್ಮೂರಿನಲ್ಲಿ ಏನನ್ನೇ ಕಟ್ಟಲಿ, ಮೊದಲು ಅದರ ನೆರಳು ಬರುತ್ತದೆ. ಅರ್ಜಿಗೆ ಸಹಿ ಬಿದ್ದ ಮರುದಿನ ಬೆಳಿಗ್ಗೆ, ಇನ್ನೂ ಒಂದು ಕಲ್ಲೂ ಇಳಿಯದ ಜಾಗದಲ್ಲಿ, ಆ ಕಟ್ಟಡದ ನೆರಳು ಪೂರ್ತಿ ಅಳತೆಗೆ ಬಿದ್ದಿರುತ್ತದೆ. ಸಂತೆಮಾಳದ ಪಕ್ಕ ಮೂರಂತಸ್ತಿನ ಶಾಲೆ ಬರಬೇಕಿತ್ತು. ಅದರ ನೆರಳಿನಲ್ಲಿ ದರ್ಜಿ ಹನುಮಂತಪ್ಪ ಹೊಲಿಗೆ ಯಂತ್ರ ಇಟ್ಟುಕೊಂಡು ಆರು ತಿಂಗಳು ತಂಪಾಗಿ ಕೂತಿದ್ದ. ಶಾಲೆ ಬೇಡವೆಂದು ತೀರ್ಮಾನವಾದ ದಿನ ನೆರಳು ಹೋಯಿತು. ಅರ್ಧ ಹೊಲಿದ ರವಿಕೆ ಹಿಡಿದು ಆತ ಸುಡುಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸರಕಾರವನ್ನು ಬೈದ. ಹಳ್ಳಕ್ಕೆ ಅಡ್ಡಲಾಗಿ ಬಿದ್ದ ಸೇತುವೆಯ ನೆರಳಿನ ಮೇಲೆ ಮಕ್ಕಳು ಕೆಳಗಿನ ನೀರಿನಲ್ಲಿ ಮೊಣಕಾಲು ನೆನೆಸಿಕೊಳ್ಳುತ್ತ ‘ಸೇತುವೆ ದಾಟುವ’ ಆಟ ಆಡುತ್ತಿದ್ದರು.

ಈ ನೆರಳುಗಳನ್ನು ಅಳೆಯುವುದು ನನ್ನ ಕೆಲಸ. ನೆರಳು ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಹಗ್ಗ, ಗೂಟ, ಸುಣ್ಣದ ಡಬ್ಬ, ಕೈಗಡಿಯಾರ, ದಾಖಲೆ ಪುಸ್ತಕ ಇಷ್ಟೇ ನನ್ನ ಸಾಮಾನು. ನಿಯಮ ಸರಳ. ಪ್ರತಿ ನೆರಳೂ ಕಟ್ಟುವ ಮೊದಲು ಒಂದು ವರ್ಷ ಮಲಗಬೇಕು. ಸೂರ್ಯ ಅತ್ತಿತ್ತ ಸರಿದಂತೆ ಅದು ಯಾರ ಬಾವಿಯ ಮೇಲೆ, ಯಾವ ಹುಲ್ಲಿನ ಮೇಲೆ ಹೊರಳುತ್ತದೆ, ಅದರ ಅಡಿಯಲ್ಲಿ ಏನು ಬಾಡುತ್ತದೆ, ಏನು ಬದುಕುತ್ತದೆ, ಎಲ್ಲವನ್ನೂ ಕಂಡ ದಿನವೇ ಬರೆಯಬೇಕು. ವರ್ಷ ತುಂಬಿದ ಮೇಲೆ ಕಟ್ಟಬಹುದು. ಹೊತ್ತಿನ ಜೊತೆ ನೆರಳು ಸರಿಯುವುದು ಸಹಜ. ಆದರೆ ಅದರ ಬುಡವೇ ಕದಲಿದರೆ ಅದಕ್ಕೆ ನಾವು ‘ಮಗ್ಗುಲಾಯಿತು’ ಎನ್ನುತ್ತೇವೆ. ನಿಯಮ ಪುಸ್ತಕದ ಆರನೆಯ ಸಾಲು ಹೇಳುತ್ತದೆ: ನೆರಳು ಮಗ್ಗುಲಾದರೆ ವರ್ಷ ಹೊಸದು.

ನಿರುಪಮಾ ಗಾಳಿಕಂಬಗಳ ಅರ್ಜಿ ಹಿಡಿದು ಊರಿಗೆ ಬಂದಾಗ ನಾನು ಅವಳನ್ನು ನೋಡಿ ಇಪ್ಪತ್ತೆರಡು ವರ್ಷವಾಗಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಾವಿಬ್ಬರೂ ಒಂದೇ ಮೇಜು. ನಾನು ಲೋಲಕ ತೂಗಾಡಿಸಿ, ಇಪ್ಪತ್ತು ತೂಗಾಟ ಎಣಿಸಿ, ಐದು ಸಲ ಸಮಯ ಬರೆದುಕೊಂಡು ಗುರುತ್ವದ ಲೆಕ್ಕ ಮಾಡಿದರೆ ಉತ್ತರ ಒಂಬತ್ತು ಪಾಯಿಂಟ್ ನಾಲ್ಕು ಬರುತ್ತಿತ್ತು. ಅವಳು ಪುಸ್ತಕದಲ್ಲಿದ್ದಂತೆ ಒಂಬತ್ತು ಪಾಯಿಂಟ್ ಎಂಟು ಎಂದು ಮೊದಲೇ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಬಂದು ರೀಡಿಂಗ್ ತುಂಬಿಸುತ್ತಿದ್ದಳು. ‘ಉತ್ತರ ಗೊತ್ತಿರೋವಾಗ ಪಾಪ, ಲೋಲಕಕ್ಕೆ ಯಾಕೆ ಸುಸ್ತು ಮಾಡ್ತೀಯೇ ವಿಶಾಲೂ?’ ಎನ್ನುತ್ತಿದ್ದಳು. ಪರೀಕ್ಷೆಯಲ್ಲಿ ಅವಳಿಗೆ ಐವತ್ತಕ್ಕೆ ಐವತ್ತು, ನನಗೆ ಮೂವತ್ತೊಂಬತ್ತು. ಅವಳ ಹೆಸರಿನ ಅರ್ಥ ಹೋಲಿಕೆ ಇಲ್ಲದವಳು. ನಾನು ಮಾತ್ರ ಜನ್ಮವಿಡೀ ಅವಳಿಗೆ ನನ್ನನ್ನು ಹೋಲಿಸಿಕೊಂಡೇ ಬಂದೆ.

ಅವಳ ಅರ್ಜಿಗೆ ಸಹಿ ಬಿದ್ದದ್ದು ಜೂನ್ ಒಂಬತ್ತರಂದು. ಮರುದಿನ ಊರಿಗೆ ಊರೇ ಗಾಳಿಬೋರೆಯೆಂಬ ಗುಡ್ಡ ಹತ್ತಿತು. ಮೋಡಗಳ ಸಂದಿಯಲ್ಲಿ ಒಂದು ಗಳಿಗೆ ಬಿಸಿಲು ಬಂತು. ಬೋರೆಯ ಹುಲ್ಲಿನ ಮೇಲೆ ಹನ್ನೊಂದು ಉದ್ದನೆಯ ನೆರಳು, ಪ್ರತಿಯೊಂದರ ತುದಿಗೆ ಮೂರು ಮೂರು ರೆಕ್ಕೆ, ತಿರುಗುತ್ತಿದ್ದವು. ಮೇಲೆ ಬರೀ ಆಕಾಶ. ಕುರಿಗಳು ದಿಕ್ಕಾಪಾಲಾದವು, ವಾರ ಕಳೆಯುವಷ್ಟರಲ್ಲಿ ಎರಡು ರೆಕ್ಕೆಯ ನಡುವಿನ ಬೆಳಕಿನಲ್ಲಿ ಹೆಜ್ಜೆಯಿಟ್ಟು ಮೇಯುವುದನ್ನು ಕಲಿತವು. ಬಣ್ಣದ ನೂಲು ಒಣಹಾಕುವ ಹೆಂಗಸರು ಬಿದಿರಿನ ಗಳುಗಳನ್ನು ಹತ್ತು ಮಾರು ಈಚೆಗೆ ನೆಟ್ಟುಕೊಂಡರು. ನನ್ನ ಅತ್ತೆ ಚೆನ್ನಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಆಹಾ, ನೆರಳೇ ಇಷ್ಟು ಜೋರಾಗಿ ತಿರುಗ್ತದೆ, ಇನ್ನು ಕಂಬ ಹೆಂಗೆ ತಿರುಗಬೇಡ!’ ಎಂದರು.

ಅತ್ತೆಯ ಆಸೆಗೆ ಕಾರಣವಿತ್ತು. ನಮ್ಮದು ಮಗ್ಗದ ಊರು. ಕರೆಂಟು ದಿನಕ್ಕೆ ನಾಲ್ಕು ಗಂಟೆ, ಅದೂ ಯಾವಾಗೆಂದು ಹೇಳುವಂತಿಲ್ಲ. ಬಂತೆಂದರೆ ಎಲ್ಲರೂ ಮಗ್ಗಕ್ಕೆ ಓಡುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಮದುವೆ ಮಂಟಪ ಖಾಲಿಯಾದದ್ದನ್ನು ನಾನೇ ಕಂಡಿದ್ದೇನೆ. ಅತ್ತೆ ಒಮ್ಮೆ ಸೀಗೆಪುಡಿ ತಲೆಯಲ್ಲೇ ಎದ್ದು ಬಂದು ಮೂರು ಮೊಳ ನೇಯ್ದಿದ್ದರು. ನಮ್ಮ ನಡುಮನೆಯ ಎರಡು ಮಗ್ಗಗಳಲ್ಲಿ ಒಂದು ಕೆಲಸವಿಲ್ಲದೆ ಮುಸುಕು ಹೊದ್ದು ನಿಂತಿತ್ತು. ಹನ್ನೊಂದು ಕಂಬ ನಿಂತರೆ ಹಗಲೆಲ್ಲ ಕರೆಂಟು. ಊರಿಗೆ ಬೇಕಾಗಿದ್ದದ್ದು ಅಷ್ಟೇ, ಮತ್ತು ಅದಕ್ಕೆ ನಡುವೆ ಇದ್ದದ್ದು ನನ್ನ ದಾಖಲೆ ಪುಸ್ತಕ.

ನಿರುಪಮಾ ವಾರಕ್ಕೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರತೊಡಗಿದಳು. ನಾನು ಕರೆದದ್ದಲ್ಲ, ಅತ್ತೆ ಕರೆದದ್ದು. ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು ಜೀಪಿನಿಂದ ಇಳಿದು, ‘ಅಮ್ಮಾ, ಹಸಿವು’ ಎಂದು ನೇರ ಅಡುಗೆಮನೆಗೆ ನಡೆಯುವಳು. ಹದಿನೇಳು ವರ್ಷದಿಂದ ನಾನು ‘ಅತ್ತೆ’ ಎನ್ನುವವರನ್ನು ಅವಳು ಮೊದಲ ದಿನವೇ ‘ಅಮ್ಮ’ ಎಂದಳು. ಬಿಸಿ ರೊಟ್ಟಿ ಮೊದಲು ಅವಳ ತಟ್ಟೆಗೆ, ಬೆಣ್ಣೆಯ ದೊಡ್ಡ ಉಂಡೆಯೂ ಅಲ್ಲಿಗೇ. ಅವಳು ಮಾತನ್ನು ಅರ್ಧಕ್ಕೆ ಬಿಟ್ಟರೆ ಉಳಿದವರು ಪೂರ್ತಿ ಮಾಡುತ್ತಿದ್ದರು. ನಾನು ಪೂರ್ತಿ ಹೇಳಿದ ಮಾತನ್ನು ಯಾರೂ ಕೇಳಿಸಿಕೊಂಡಿರುತ್ತಿರಲಿಲ್ಲ.

‘ನೋಡು ವಿಶಾಲಾಕ್ಷಿ, ಇವಳು ಗಾಳಿಯನ್ನೇ ಹಿಡಿದು ಕರೆಂಟು ಮಾಡ್ತಾಳೆ’ ಎಂದರು ಅತ್ತೆ ಒಮ್ಮೆ. ‘ನೀನೂ ಅದೇ ಓದಿದ್ದು. ನೆರಳಿಗೆ ಹಗ್ಗ ಹಿಡ್ಕೊಂಡು ಕೂತಿದೀಯ.’

‘ಅಮ್ಮಾ, ಹಾಗನ್ಬೇಡಿ. ಅವಳು ಅಳೆದರೇ ನಾನು ಕಟ್ಟೋದು’ ಎಂದಳು ನಿರುಪಮಾ. ನನ್ನ ಪರವಾಗಿ ಅವಳು ಮಾತಾಡಿದ್ದು, ಅತ್ತೆಯ ಮಾತಿಗಿಂತ ಹೆಚ್ಚು ಚುಚ್ಚಿತು.

ಹನ್ನೊಂದು ತಿಂಗಳು ದೋಷವಿಲ್ಲದೆ ಕಳೆದವು. ಮೇ ಎರಡನೆಯ ವಾರ ಕುರಿ ಮೇಯಿಸುವ ದುರುಗವ್ವ ನನ್ನನ್ನು ಬೋರೆಯ ಮೇಲೆ ತಡೆದು ನಿಲ್ಲಿಸಿದಳು. ‘ಅಮ್ಮಾರೇ, ಆಗ್ನೇಯ ತಗ್ಗಿನಾಗೆ ಒಂಟಿಮೊಟ್ಟೆ ಕೂತೈತೆ. ಸಂಜೆ ಆದ್ರೆ ಸಾಕು, ಎದ್ದೆದ್ದು ಕೂರ್ತೈತೆ. ರೆಕ್ಕೆ ನೆರಳು ನೋಡಿ ಗಿಡುಗ ಬಂತು ಅಂತ ತಿಳ್ಕೊಂಡೈತೆ, ಪಾಪದ್ದು.’

ಒಂಟಿಮೊಟ್ಟೆ ಎಂದರೆ ನಮ್ಮ ಬೋರೆಯ ಹಕ್ಕಿ. ಕೋಳಿಗಿಂತ ತುಸು ದೊಡ್ಡದು, ಕಲ್ಲಿನ ಬಣ್ಣ. ಗೂಡು ಕಟ್ಟುವುದಿಲ್ಲ, ವರ್ಷಕ್ಕೊಂದೇ ಮೊಟ್ಟೆಯನ್ನು ನೆಲದ ಮೇಲಿಟ್ಟು ಕಾವು ಕೂರುತ್ತದೆ. ನಾನು ಹುಟ್ಟಿದಾಗ ನೂರಾರಿದ್ದವಂತೆ, ಈಗ ಬೆರಳಲ್ಲಿ ಎಣಿಸಬಹುದು. ಅಂದು ಸಂಜೆ ಎಂಬತ್ತು ಅಡಿ ದೂರದಲ್ಲಿ ಕಲ್ಲಿನ ಹಿಂದೆ ಹೊಟ್ಟೆ ಅಡಿಯಾಗಿ ಮಲಗಿ ನೋಡಿದೆ. ಐದು ಗಂಟೆ ಹತ್ತು ನಿಮಿಷಕ್ಕೆ ಏಳನೆಯ ಕಂಬದ ನೆರಳು ತಗ್ಗಿನ ಅಂಚು ಮುಟ್ಟಿತು. ಮೊದಲ ರೆಕ್ಕೆ ಮೈಮೇಲೆ ಹಾದದ್ದೇ ಹಕ್ಕಿ ಚಂಗನೆ ಎದ್ದಿತು. ಮೊಟ್ಟೆ ಬಿಸಿಲಿಗೆ ಬಿತ್ತು. ಮರಳಿ ಕೂತಿತು. ಮತ್ತೆ ರೆಕ್ಕೆ, ಮತ್ತೆ ಎದ್ದಿತು. ನಲವತ್ತು ನಿಮಿಷದಲ್ಲಿ ಅರವತ್ತೊಂದು ಸಲ. ಆರು ಸಂಜೆ ಹೀಗೆ ಬರೆದುಕೊಂಡೆ. ಆರನೆಯ ಸಂಜೆ ಎದ್ದದ್ದು ಕೂರಲಿಲ್ಲ. ಹತ್ತು ಹೆಜ್ಜೆ ಆಚೆ ನಿಂತು ಸ್ವಲ್ಪ ಹೊತ್ತು ನೋಡಿ, ಹುಲ್ಲಿನೊಳಗೆ ನಡೆದುಹೋಯಿತು.

ಇಲ್ಲಿ ಸುಳ್ಳು ಹೇಳಬಾರದು. ನನಗೆ ಮೊದಲು ಆದದ್ದು ದುಃಖವಲ್ಲ, ಸಂತೋಷ. ಸಿಕ್ಕಿದಳು ಎಂದು ಅನಿಸಿತು. ಐವತ್ತಕ್ಕೆ ಐವತ್ತು ತೆಗೆದುಕೊಂಡವಳ ಉತ್ತರದಲ್ಲಿ ಕೊನೆಗೂ ಒಂದು ತಪ್ಪು ಸಿಕ್ಕಿತು.

ಮನೆಗೆ ಬಂದರೆ ಅವಳು ಅಲ್ಲೇ ಇದ್ದಳು, ರೊಟ್ಟಿ ಮುರಿಯುತ್ತ. ಗುದ್ದಲಿ ಪೂಜೆಗೆ ಮೂರು ವಾರ ಉಳಿದಿತ್ತು. ಯಾರನ್ನು ಕರೆಯಬೇಕೆಂದು ಅತ್ತೆಯ ಜೊತೆ ಪಟ್ಟಿ ಮಾಡುತ್ತಿದ್ದಳು. ನಾನು ಕೈ ತೊಳೆಯದೆ ನಿಂತೇ ಹೇಳಿದೆ.

ಅತ್ತೆ ಬೆಣ್ಣೆಯ ಬಟ್ಟಲನ್ನು ಟಣ್ಣನೆ ಕೆಳಗಿಟ್ಟರು. ‘ಹನ್ನೊಂದು ತಿಂಗಳು ಕಾಣದ ಹಕ್ಕಿ ಈಗ ಕಾಣಿಸ್ತಾ? ನಿಜ ಹೇಳು, ಹಕ್ಕಿ ಮೊಟ್ಟೆ ಇಟ್ಟಿದೆಯೋ, ನಿನ್ನ ಹೊಟ್ಟೆಕಿಚ್ಚು ಮೊಟ್ಟೆ ಇಟ್ಟಿದೆಯೋ?’

ಅವರ ಪ್ರಶ್ನೆಗೆ ಎರಡೂ ಹೌದು ಎಂಬುದೇ ಸರಿಯುತ್ತರವಾಗಿತ್ತು.

ನಿರುಪಮಾ ಮಾತ್ರ ತಟ್ಟೆ ಬಿಟ್ಟು ಎದ್ದಳು. ‘ನಾಳೆ ಬೆಳಿಗ್ಗೆ ತೋರಿಸ್ತೀಯಾ?’

ಬೆಳಿಗ್ಗೆ ಅವಳು ತಗ್ಗಿನಲ್ಲಿ ಮಂಡಿಯೂರಿ ಮೊಟ್ಟೆಯ ಮೇಲೆ ಅಂಗೈ ಇಟ್ಟಳು. ತಣ್ಣಗಾಗಿತ್ತು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎದ್ದು ಬೋರೆಯ ನೆತ್ತಿ ನೋಡಿದಳು. ‘ಏಳನೇದನ್ನ ಬಡಗಣಕ್ಕೆ ಇನ್ನೂರು ಅಡಿ ಸರಿಸ್ತೀನಿ. ಅಲ್ಲಿಂದ ಈ ತಗ್ಗಿಗೆ ನೆರಳು ಬರಲ್ಲ, ಬೀಳೋದು ಬರೀ ಬಂಡೆ ಮೇಲೆ. ಗಾಳಿ ಸ್ವಲ್ಪ ಕಮ್ಮಿ, ಪರವಾಗಿಲ್ಲ.’

ಒಂದು ನಿಮಿಷವೂ ಆಗಿರಲಿಲ್ಲ. ನಾನು ಆರು ಸಂಜೆ ಮಲಗಿ ಕಂಡುಹಿಡಿದ ತಪ್ಪನ್ನು ಅವಳು ನಿಂತಲ್ಲೇ ತಿದ್ದಿಬಿಟ್ಟಳು. ವಾದ ಮಾಡಲಿ, ಅಳಲಿ, ಮುಚ್ಚಿಡೆಂದು ಬೇಡಲಿ ಎಂದು ನಾನು ರಾತ್ರಿಯಿಡೀ ಕಾದಿದ್ದೆ.

‘ಸರಿಸಿದರೆ ಮಗ್ಗುಲಾಗುತ್ತೆ’ ಎಂದೆ. ‘ವರ್ಷ ಹೊಸದು.’

‘ಅದೊಂದಕ್ಕೆ ತಾನೇ? ಉಳಿದ ಹತ್ತು ಕಟ್ಟೋಣ.’

‘ಅರ್ಜಿ ಒಂದೇ. ನೆರಳು ಮಗ್ಗುಲಾದರೆ ಅಂತಿದೆ, ಇಂಥ ನೆರಳು ಅಂತಿಲ್ಲ. ಹನ್ನೊಂದಕ್ಕೂ ವರ್ಷ ಹೊಸದು.’

ನಮ್ಮ ಭಾಷೆಯಲ್ಲಿ ಒಂದು ನೆರಳೂ ನೆರಳೇ, ಹನ್ನೊಂದು ನೆರಳೂ ನೆರಳೇ. ನಿಯಮ ಬರೆದವರಿಗೆ ಅದು ತೊಡಕೆನಿಸಿರಲಿಲ್ಲ, ಅವರ ಕಾಲದಲ್ಲಿ ಅರ್ಜಿಗೊಂದೇ ನೆರಳು ಬರುತ್ತಿತ್ತು. ಸಾಲು ಎರಡೂ ಕಡೆಗೆ ಬಗ್ಗುತ್ತಿತ್ತು, ಬಗ್ಗಿಸುವ ಕೈ ನನ್ನದಾಗಿತ್ತು.

ಅವಳು ಕಲ್ಲಿನ ಮೇಲೆ ಕೂತು ನನ್ನ ಪುಸ್ತಕ ಕೇಳಿದಳು. ಮೇ ತಿಂಗಳ ಪುಟ ನೋಡಲಿಲ್ಲ. ಹಿಂದಕ್ಕೆ, ಹಿಂದಿನ ವರ್ಷದ ಜುಲೈಗೆ ಹೋದಳು. ಅಲ್ಲಿ ನನ್ನ ಅಕ್ಷರದಲ್ಲಿ ಒಂದೇ ಮಾತು, ಪುಟದುದ್ದಕ್ಕೂ: ಮೋಡ, ನೆರಳಿಲ್ಲ. ಮೋಡ, ನೆರಳಿಲ್ಲ.

‘ವಿಶಾಲೂ, ಮೇ ಮಧ್ಯದಲ್ಲಿ ಸೂರ್ಯ ಮುಳುಗೋ ಜಾಗದಲ್ಲೇ ಜುಲೈ ಕೊನೇಲೂ ಮುಳುಗ್ತಾನೆ. ಮೋಡ ಇಲ್ದಿದ್ರೆ ಆಗಲೇ ನೆರಳು ಇಲ್ಲಿಗೆ ಬೀಳ್ತಿತ್ತು. ಲೆಕ್ಕ ಹಾಕಿದ್ರೆ ಒಂದೂವರೆ ತಿಂಗಳಿಗೇ ಗೊತ್ತಾಗ್ತಿತ್ತು. ಆಗಲೇ ಸರಿಸ್ತಿದ್ದೆ.’

‘ಕಾಣದ್ದನ್ನ ನಾನು ಬರೆಯಲ್ಲ.’

‘ಲೆಕ್ಕ ಅಂತ ಬರೀಬಹುದಿತ್ತು.’

‘ಉತ್ತರದಿಂದ ರೀಡಿಂಗ್ ಬರೆಯೋದು ನಿನ್ನ ಅಭ್ಯಾಸ.’

ಅವಳು ನಕ್ಕಳು, ಆದರೆ ಜೋರಾಗಿ ಅಲ್ಲ. ‘ನನ್ನದು ಕಳ್ಳತನ, ಒಪ್ಕೋತೀನಿ. ಆದ್ರೆ ನಿನ್ನ ಒಂಬತ್ತು ಪಾಯಿಂಟ್ ನಾಲ್ಕು ಯಾಕೆ ಬಂತು ಗೊತ್ತಾ? ದಾರದ ಉದ್ದ ಮಾತ್ರ ಅಳೀತಿದ್ದೆ. ಗುಂಡಿನ ನಡುಮಧ್ಯದ ತನಕ ಅಳೀಬೇಕಿತ್ತು.’

‘ಗೊತ್ತಿತ್ತಾ ನಿನಗೆ? ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನೀನು ಕೇಳ್ತಿದ್ಯಾ? ನಾನು ಹೇಳಿದ್ದು ಅಂದ ತಕ್ಷಣ ನಿನಗೆ ತಪ್ಪಾಗಿ ಕಾಣ್ತಿತ್ತು.’

ಇಬ್ಬರೂ ಬೋರೆ ಇಳಿದೆವು. ಅವಳು ಮುಂದೆ, ನಾನು ಹಿಂದೆ.

ಕಚೇರಿಯ ಮುಖ್ಯಸ್ಥರು ಪಾಲಾಕ್ಷಪ್ಪನವರು, ನಿವೃತ್ತಿಗೆ ಎಂಟು ತಿಂಗಳಿದ್ದ ಶಾಂತ ಮನುಷ್ಯ. ನಾನು ವಿಷಯ ಹೇಳಿದಾಗ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ‘ಏನಮ್ಮಾ, ಒಂದೋ, ಹನ್ನೊಂದೋ? ನೀವು ಏನು ಬರೀತೀರೋ ಅದಕ್ಕೆ ನಾನು ಸಹಿ ಹಾಕ್ತೀನಿ. ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಪುಸ್ತಕದಲ್ಲಿ ಒಂದು ಚಿತ್ತು ನೋಡಿಲ್ಲ. ಸಂಜೆ ಐದರೊಳಗೆ ಕೊಡಿ.’

ನಾನು ಬರೆದೆ. ಅರ್ಜಿ ಒಂದು, ಆದ್ದರಿಂದ ನೆರಳು ಒಂದು, ಆದ್ದರಿಂದ ವರ್ಷ ಹನ್ನೊಂದಕ್ಕೂ ಹೊಸದು. ಎರಡು ಪುಟ, ಒಂದಕ್ಕೊಂದು ಹೊಂದುವ ವಾಕ್ಯಗಳು. ಯಾವ ವಕೀಲನೂ ಅದರಲ್ಲಿ ಬೆರಳು ತೂರಿಸಲಾರ. ಓದಿದಷ್ಟೂ ಖುಷಿಯಾಯಿತು. ಆ ಖುಷಿಯೇ ನನ್ನನ್ನು ತಡೆಯಿತು; ನೆರಳಿನ ವರದಿ ಬರೆದು ನಾನು ಯಾವತ್ತೂ ಖುಷಿಪಟ್ಟವಳಲ್ಲ.

ಪ್ರಯೋಗದಲ್ಲಿ ಅನುಮಾನ ಬಂದರೆ ಉಳಿದದ್ದೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡಬೇಕು ಎಂದು ಕಲಿಸಿದ್ದರು. ಅರ್ಜಿಯ ಮೇಲೆ ನಿರುಪಮಾ ಎಂದಿದ್ದ ಜಾಗದಲ್ಲಿ ಒಂದು ಚೀಟಿ ಅಂಟಿಸಿ ‘ಯಾರೋ ಒಬ್ಬರು’ ಎಂದು ಬರೆದೆ. ಅದೇ ಬೋರೆ, ಅದೇ ಹಕ್ಕಿ, ಅದೇ ಆರನೆಯ ಸಾಲು. ಯಾರೋ ಒಬ್ಬರು ಒಂದು ಕಂಬ ಸರಿಸುತ್ತೇನೆಂದು ತಾವಾಗಿ ಒಪ್ಪಿದ್ದಾರೆ. ಉಳಿದ ಹತ್ತರ ಅಡಿಯಲ್ಲಿ ಏನೂ ಕೆಟ್ಟಿಲ್ಲ. ಕದಲದ ನೆರಳಿಗೆ ಇನ್ನೊಂದು ವರ್ಷ ಯಾಕೆ? ಅರ್ಧ ನಿಮಿಷದಲ್ಲಿ ಉತ್ತರ ಬಂತು: ಹನ್ನೊಂದು ನೆರಳು, ಮಗ್ಗುಲಾದದ್ದು ಒಂದು.

ಚೀಟಿ ಕಿತ್ತೆ. ಅವಳ ಹೆಸರು ಮತ್ತೆ ಕಂಡಿತು. ಹೊಟ್ಟೆಯೊಳಗಿನ ಉರಿ ಇದ್ದಲ್ಲೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಅದು ಉತ್ತರದ ಭಾಗವಲ್ಲವೆಂದು ಈಗ ಗೊತ್ತಿತ್ತು. ಎರಡು ಪುಟ ಹರಿದು ಒಂದು ಪುಟ ಬರೆದೆ. ಕೊನೆಯಲ್ಲಿ ಇದನ್ನೂ ಸೇರಿಸಿದೆ: ಕಳೆದ ಜುಲೈನಲ್ಲಿ ಮೋಡವಿದ್ದ ದಿನಗಳಿಗೆ ಲೆಕ್ಕದ ಮೂಲಕ ನೆರಳಿನ ಜಾಗ ಗುರುತಿಸದಿದ್ದುದು ನನ್ನ ತಪ್ಪು. ಗುರುತಿಸಿದ್ದರೆ ಒಂದು ಮೊಟ್ಟೆ ಉಳಿಯುತ್ತಿತ್ತು.

ಪಾಲಾಕ್ಷಪ್ಪನವರು ಓದಿ, ‘ಈ ಕೊನೆಯ ಸಾಲು ಬೇಕೇನಮ್ಮಾ? ಯಾರೂ ಕೇಳಿರಲಿಲ್ಲ’ ಎಂದರು. ಇರಲಿ ಎಂದೆ. ಸಹಿ ಹಾಕಿದರು. ಹದಿನೈದು ದಿನಕ್ಕೆ ನನಗೆ ಮೇಲಿನಿಂದ ಎಚ್ಚರಿಕೆಯ ಪತ್ರ ಬಂತು. ಅದರ ಜೊತೆಗೇ ಹೊಸ ಸುತ್ತೋಲೆ: ಇನ್ನು ಮುಂದೆ ಮೋಡದ ದಿನಗಳಲ್ಲಿ ನೆರಳನ್ನು ಲೆಕ್ಕ ಹಾಕಿ ಗುರುತಿಸಿ, ಲೆಕ್ಕವೆಂದೇ ನಮೂದಿಸತಕ್ಕದ್ದು. ಆ ಪದ್ಧತಿಯನ್ನು ಬರೆದುಕೊಟ್ಟವಳು ನಿರುಪಮಾ. ಕಚೇರಿಯಲ್ಲಿ ಅದಕ್ಕೆ ಆಗಲೇ ಹೆಸರು ಬಿದ್ದಿತ್ತು, ‘ನಿರುಪಮಾ ಲೆಕ್ಕ’. ತಪ್ಪು ನನ್ನದು, ಅದನ್ನು ಒಪ್ಪಿಕೊಂಡ ಸಾಲು ನನ್ನದು. ಲೆಕ್ಕಕ್ಕೆ ಹೆಸರು ಮಾತ್ರ ಅವಳದು.

ಫೆಬ್ರವರಿಗೆ ಹತ್ತು ಕಂಬ ನಿಂತವು. ಕಂಬ ಬಂದು ತಮ್ಮ ನೆರಳಿನ ಮೇಲೆ ಕೂತ ದಿನ ಊರಿನವರಿಗೆ ವಿಶೇಷವೇನೂ ಅನಿಸಲಿಲ್ಲ, ಎಂದೋ ನೋಡಿದ್ದಕ್ಕೆ ಮೇಲೊಂದು ಭಾಗ ಬಂತು ಅಷ್ಟೇ. ಕರೆಂಟು ಬೆಳಗಿನ ಏಳರಿಂದ ಸಂಜೆ ಏಳರವರೆಗೆ. ಅತ್ತೆ ಮುಸುಕು ತೆಗೆದು ಎರಡನೆಯ ಮಗ್ಗಕ್ಕೆ ಎಣ್ಣೆ ಬಿಟ್ಟರು. ಮೊದಲ ವಾರ ಜನಕ್ಕೆ ಅಭ್ಯಾಸ ತಪ್ಪಲಿಲ್ಲ, ಕರೆಂಟು ಹೋದೀತೆಂದು ಓಡೋಡಿ ಬಂದು ಮಗ್ಗದ ಮುಂದೆ ಏದುಸಿರು ಬಿಡುತ್ತ ನಿಲ್ಲುತ್ತಿದ್ದರು.

ಉದ್ಘಾಟನೆಯ ವೇದಿಕೆಯ ಮೇಲೆ ನಿರುಪಮಾ ನನ್ನ ಹೆಸರು ಹೇಳಿದಳು. ‘ಈ ಹತ್ತು ಕಂಬ ಇವತ್ತು ನಿಂತಿದ್ದರೆ, ಏಳನೆಯದು ಇವತ್ತು ನಿಂತಿಲ್ಲದಿದ್ದರೆ, ಎರಡಕ್ಕೂ ವಿಶಾಲಾಕ್ಷಿಯೇ ಕಾರಣ. ಬಾರೇ ಮೇಲೆ!’ ಜನ ತಿರುಗಿ ನೋಡಿದರು, ಚಪ್ಪಾಳೆ ತಟ್ಟಿದರು. ನಾನು ಕೂತಲ್ಲೇ ಕೈ ಮುಗಿದೆ, ಏಳಲಿಲ್ಲ. ಒಳ್ಳೆಯತನದಲ್ಲಾದರೂ ಅವಳಿಗಿಂತ ಮುಂದಿರಬಹುದೆಂದು ಅಂದು ಕಚೇರಿಯಲ್ಲಿ ಆ ಒಂದು ಪುಟದ ವರದಿ ಬರೆದಿದ್ದೆ. ಅಲ್ಲೂ ಅವಳು ಒಂದು ಮೆಟ್ಟಿಲು ಮೇಲೆ ನಿಂತು ಕೈ ಚಾಚಿದ್ದಳು.

‘ಕರೆದರೆ ಹೋಗೋಕೆ ಏನು ಧಾಡಿ ನಿನಗೆ?’ ಎಂದರು ಅತ್ತೆ, ಮನೆಗೆ ಬರುವಾಗ.

‘ಕಾಲು ಜೋಮು ಹಿಡಿದಿತ್ತು.’

‘ಜೋಮು ಕಾಲಿಗಲ್ಲ ಹಿಡಿದಿದ್ದು’ ಎಂದು ಅವರು ನನ್ನ ತೋಳು ಹಿಡಿದು ಹಳ್ಳ ದಾಟಿಸಿದರು. ಅಂದು ರೊಟ್ಟಿಯ ಜೊತೆ ನನ್ನ ತಟ್ಟೆಗೆ ಬೆಣ್ಣೆ ಹಾಕಿದರು. ಕೇಳದೆಯೇ ಹಾಕಿದರು, ಚಿಕ್ಕ ಉಂಡೆ.

ಏಳನೆಯ ಕಂಬದ ನೆರಳು ಹೊಸ ಜಾಗದಲ್ಲಿ ತನ್ನ ಹೊಸ ವರ್ಷ ಮಲಗಿತ್ತು. ಅದನ್ನು ಅಳೆಯುವ ಕೆಲಸ ನನ್ನದೇ. ಬರೆದ ಪುಟದ ಪ್ರತಿ ಅದೇ ಸಂಜೆ ಅರ್ಜಿದಾರರಿಗೆ ಹೋಗಬೇಕೆಂದೂ ಹೊಸ ಸುತ್ತೋಲೆಯಲ್ಲಿತ್ತು. ಆದ್ದರಿಂದ ನಾನು ಕಂಡದ್ದೆಲ್ಲವನ್ನೂ ನಿರುಪಮಾ ಅಂದೇ ಓದುತ್ತಿದ್ದಳು.

ಒಂಟಿಮೊಟ್ಟೆ ಆ ವರ್ಷವೂ ಅದೇ ತಗ್ಗಿನಲ್ಲಿ ಕಾವು ಕೂತಿತ್ತು. ಮೇ ಹತ್ತೊಂಬತ್ತರಂದು ತಗ್ಗಿನ ಅಂಚಿನಲ್ಲಿ ಮಲಗಿದ್ದೆ. ಐದು ಗಂಟೆ ಹತ್ತು ನಿಮಿಷವಾಯಿತು. ನೆರಳು ದೂರದ ಬಂಡೆಗಳ ಮೇಲೆ ತಿರುಗುತ್ತಿತ್ತು, ತಗ್ಗಿನಲ್ಲಿ ಬರೀ ಹಳದಿ ಬಿಸಿಲು. ಹಕ್ಕಿ ಏಳಲಿಲ್ಲ. ಐದೂ ನಲವತ್ತಕ್ಕೆ ತಾನಾಗಿ ಎದ್ದು ಪಕ್ಕಕ್ಕೆ ಸರಿಯಿತು. ಅದರ ಹೊಟ್ಟೆಯಡಿಯಿಂದ ಹೆಬ್ಬೆರಳುದ್ದದ ಒಂದು ಬೂದುಮುದ್ದೆ ಹೊರಬಂತು, ಎರಡು ಹೆಜ್ಜೆ ನಡೆದು ಮುಗ್ಗರಿಸಿ, ಎದ್ದು, ಮತ್ತೆ ನಡೆಯಿತು.

ಪುಸ್ತಕ ತೆರೆದೆ, ದಿನಾಂಕ ಹಾಕಿದೆ. ಪೆನ್ನು ಅಲ್ಲೇ ನಿಂತಿತು. ಬರೆದರೆ ಇನ್ನೊಂದು ಗಂಟೆಯಲ್ಲಿ ಅವಳಿಗೆ ಗೊತ್ತಾಗುತ್ತದೆ. ನನಗಿಂತ ಹೆಚ್ಚು ಸಂತೋಷಪಡುತ್ತಾಳೆ, ಅಮ್ಮಾ ಎಂದು ಕೂಗುತ್ತ ನಮ್ಮ ಅಡುಗೆಮನೆಗೆ ಓಡಿಬರುತ್ತಾಳೆ, ಮರಿಯೂ ಅವಳದಾಗುತ್ತದೆ. ಪುಸ್ತಕ ಮುಚ್ಚಿದೆ. ಹತ್ತೊಂಬತ್ತು ವರ್ಷ ದಾಟಿ ಇಪ್ಪತ್ತಕ್ಕೆ ಬಿದ್ದ ನನ್ನ ನೌಕರಿಯಲ್ಲಿ ಕಂಡದ್ದನ್ನು ಕಂಡ ದಿನ ಬರೆಯದೇ ಉಳಿದದ್ದು ಆ ಒಂದೇ ಸಂಜೆ. ಬೆಳಕು ಇರುವವರೆಗೂ ಅಲ್ಲೇ ಮಲಗಿ ನೋಡಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬರೆದೆ: ಮರಿ ಒಂದು. ನಡೆಯುತ್ತಿದೆ. ಕಂಡದ್ದು ನಿನ್ನೆ.